ಸಾರನ್ನು ಮೊದಲು ಬರಿದೇ ಕುಡಿ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಚಿಕ್ಕ ಪ್ರಶ್ನೆ. "ದೊಡ್ಡಮ್ಮಾ, ಮನೆ ಹತ್ತಿರ ಒಂದು ವಿಯೆಟ್ನಾಂ ಹೋಟೆಲ್ ಇದೆ. ಮಧ್ಯಾಹ್ನ ಬಾಗಿಲಾಚೆ ಸಾಲು ನಿಂತಿರತ್ತೆ. ಒಳಗೆ ಹೋದೆ, ಯಾರೂ ಮಾತಾಡಿಸಲಿಲ್ಲ, ವಾಪಸ್ ಬಂದುಬಿಟ್ಟೆ. ಅಲ್ಲಿ ನಾವು ತಿನ್ನೋಂಥದ್ದು ಏನಾದರೂ ಇರತ್ತಾ?" ಒಲೆ ಮೇಲೆ ಹುಳಿ ಉಕ್ಕುತ್ತಿತ್ತು, "ಇರತ್ತೆ, ಆಮೇಲೆ ಹೇಳ್ತೀನಿ" ಅಂದು ಫೋನಿಟ್ಟೆ. ಈಗ ಪುರುಸೊತ್ತಾಗಿ ಕೂತು ಬರೆಯುತ್ತಿದ್ದೇನೆ. ಈ ಸ್ಯಾನ್ ಹೋಸೆಯಲ್ಲಿ ಮೂವತ್ತು ವರ್ಷ ಇದ್ದು ನಾನು ಕಲಿತ ಕೆಲವೇ ವಿದ್ಯೆಗಳಲ್ಲಿ ಇದೂ ಒಂದು. ಪೆಟ್ಟು ತಿಂದೇ ಕಲಿತದ್ದು.

ಮೊದಲನೇದಾಗಿ, ನಿನ್ನನ್ನು ಯಾರೂ ಮಾತಾಡಿಸಲಿಲ್ಲ ಅಂತ ಬೇಜಾರು ಮಾಡಿಕೊಂಡೆಯಲ್ಲ, ಅದನ್ನು ಬಿಡು. ಗಾಂಧಿಬಜಾರಿನ ದರ್ಶಿನಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ನಿನ್ನನ್ನು ಯಾರು "ಬನ್ನಿ ಸಾರ್, ಹೇಗಿದ್ದೀರಿ" ಅಂದಿದ್ದಾರೆ? ಟೋಕನ್ ಕೊಟ್ಟೆ, ಇಡ್ಲಿ ವಡೆ ಬಂತು, ತಿಂದೆ, ತಟ್ಟೆ ಇಟ್ಟೆ. ಇವೂ ಅದೇ ಜಾತಿಯ ಅಂಗಡಿಗಳು. ಸ್ಟೋರಿ ರೋಡ್, ಟುಲ್ಲಿ ರೋಡ್, ಸೆಂಟರ್ ರೋಡ್ ಉದ್ದಕ್ಕೂ ಒಂದು ಪಕ್ಕ ಲಾಂಡ್ರಿ, ಇನ್ನೊಂದು ಪಕ್ಕ ಉಗುರು ಬಣ್ಣದ ಅಂಗಡಿ, ನಡುವೆ ಎಂಟು ಹತ್ತು ಮೇಜು ಹಿಡಿಯುವ ಹೋಟೆಲ್. ಬೆಳ್ಳಗೆ ಕಣ್ಣಿಗೆ ಹೊಡೆಯುವ ಟ್ಯೂಬ್‌ಲೈಟ್, ಗೋಡೆಯ ಟೀವಿಯಲ್ಲಿ ಯಾರೋ ವಿಯೆಟ್ನಾಮೀ ಗಾಯಕಿ, ಮೇಜಿನ ಮೇಲೆಯೇ ಡಬ್ಬಿಯಲ್ಲಿ ಚಾಪ್‌ಸ್ಟಿಕ್ಕು, ಚಮಚ, ಕಾಗದ. ಬಾಗಿಲಲ್ಲಿ ನಿಂತು ಬೆರಳಲ್ಲಿ ಎಷ್ಟು ಜನ ಅಂತ ತೋರಿಸು, ಅವರು ಗಲ್ಲ ಎತ್ತಿ ಒಂದು ಮೇಜು ತೋರಿಸುತ್ತಾರೆ. ಅಲ್ಲಿಗೆ ಸ್ವಾಗತ ಸಮಾರಂಭ ಮುಗಿಯಿತು. ಬಿಸಿ ಚಹಾದ ಹೂಜಿ ತಾನಾಗಿ ಬರುತ್ತದೆ, ಅದಕ್ಕೆ ಬಹಳ ಕಡೆ ದುಡ್ಡಿಲ್ಲ. ಮೆನುವಿನಲ್ಲಿ ತಿಂಡಿಗೆಲ್ಲ ಸಂಖ್ಯೆ ಇರುತ್ತದೆ. ನಾಲಿಗೆ ತಿರುಗದಿದ್ದರೆ ಸಂಖ್ಯೆ ಹೇಳು, ಯಾರೂ ನಗುವುದಿಲ್ಲ. ಊಟ ಮುಗಿದ ಮೇಲೆ ಬಿಲ್ ಬರುತ್ತದೆಂದು ಕಾಯುತ್ತಾ ಕೂತರೆ ಸಂಜೆಯಾಗುತ್ತದೆ. ನೀನೇ ಎದ್ದು ಗಲ್ಲಾಪೆಟ್ಟಿಗೆ ಹತ್ತಿರ ಹೋಗಿ ಮೇಜು ತೋರಿಸು, ಅವರಿಗೆ ಲೆಕ್ಕ ಗೊತ್ತಿರುತ್ತದೆ. ಹಲವರು ಕಾರ್ಡ್ ತಗೊಳ್ಳೋದಿಲ್ಲ, ಜೇಬಿನಲ್ಲಿ ನೋಟಿರಲಿ. ಟಿಪ್ಸು ನೂರಕ್ಕೆ ಹದಿನೈದು ಇಪ್ಪತ್ತು ಡಾಲರಿನ ಲೆಕ್ಕದಲ್ಲಿ ಮೇಜಿನ ಮೇಲೇ ಇಟ್ಟು ಬಾ. ಅಲ್ಲಿ ದುಡಿಯುವವರು ಬಹಳ ಸಲ ಆ ಮನೆಯ ಮಕ್ಕಳೇ. ಮೂಲೆ ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಹುಡುಗಿ ನಡುನಡುವೆ ಎದ್ದು ಬಂದು ನಿನ್ನ ಲೋಟಕ್ಕೆ ನೀರು ಹಾಕುತ್ತಾಳೆ.

ಒಳಗೆ ಹೋದಾಗ ಬಾಗಿಲ ಬಳಿ ನೆಲದ ಮೇಲೆ ಕಣ್ಣು ಹಾಯಿಸು. ಚಿಕ್ಕದೊಂದು ಕೆಂಪು ಗೂಡು, ಒಳಗೆ ಇಬ್ಬರು ದೇವರು, ಎದುರಿಗೆ ಊದುಬತ್ತಿ, ಹಣ್ಣು, ಒಮ್ಮೊಮ್ಮೆ ಒಂದು ಲೋಟ ಕಾಫಿ. ನಗುಮುಖದ ಡೊಳ್ಳುಹೊಟ್ಟೆಯವನು ಭೂಮಿಯ ದೇವರು, ಗಡ್ಡದವನು ಸಂಪತ್ತಿನ ದೇವರು. ನಮ್ಮ ಅಂಗಡಿಗಳಲ್ಲಿ ಲಕ್ಷ್ಮಿ ಗಣಪತಿ ಗೋಡೆಯೆತ್ತರದಲ್ಲಿದ್ದರೆ ಇವರ ದೇವರು ನೆಲದಲ್ಲಿ, ಯಾಕೆಂದರೆ ಅವನು ನೆಲದ ಒಡೆಯ. ಮೊದಲ ಸಲ ನಾನು ಅದನ್ನು ಮಕ್ಕಳ ಆಟಿಕೆ ಅಂದುಕೊಂಡು ಚಪ್ಪಲಿಗಾಲಿನಲ್ಲಿ ಪಕ್ಕಕ್ಕೆ ಸರಿಸಲು ಹೋಗಿದ್ದೆ. ಅಷ್ಟರಲ್ಲಿ ಪುಣ್ಯಕ್ಕೆ ಊದುಬತ್ತಿ ವಾಸನೆ ಬಂತು.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಬಂದ ಹೊಸದರಲ್ಲಿ ನಾನು, ನಿಮ್ಮ ದೊಡ್ಡಪ್ಪ ಒಂದು ಹೋಟೆಲಿಗೆ ವಾರ ತಪ್ಪದೆ ಹೋಗುತ್ತಿದ್ದೆವು. ಹೆಸರು ಬೇಡ, ಅವರದೇನೂ ತಪ್ಪಿಲ್ಲ. ನಾನು ಮೆನುವಿನಲ್ಲಿ ತೋಫು ಅಂತ ಇದ್ದದ್ದನ್ನೇ ಬೆರಳಿಟ್ಟು ತೋರಿಸಿ ತರಿಸಿಕೊಳ್ಳುತ್ತಿದ್ದೆ. ಬೋಗುಣಿ ತುಂಬ ಹೊಗೆಯಾಡುವ ಸಾರು, ಅಕ್ಕಿಯ ಶಾವಿಗೆ, ಬೊಕ್‌ಚಾಯ್ ಸೊಪ್ಪು, ತೋಫು. ಚಕ್ರಮೊಗ್ಗಿನ ಪರಿಮಳ ಮೂಗಿಗೆ ಬಂದರೆ ಮನೆಯಲ್ಲಿ ಪಲಾವು ಮಾಡಿದ ಹಾಗೆ. ಎಂಟು ತಿಂಗಳು ಚಪ್ಪರಿಸಿಕೊಂಡು ತಿಂದೆ. ಒಂದು ದಿನ ಪಕ್ಕದ ಮನೆಯ ವಿಯೆಟ್ನಾಮೀ ಅಜ್ಜಿಯ ಹತ್ತಿರ ಜಂಬದಿಂದ ಹೇಳಿಕೊಂಡೆ. ಅವರು ಕೈಯಲ್ಲಿದ್ದ ನೀರಿನ ಪೈಪು ಕೆಳಗಿಟ್ಟು, "ತೋಫು ಸಸ್ಯವೇ, ಆದರೆ ಸಾರು ದನದ ಮೂಳೆಯದಲ್ಲವೇ?" ಅಂದರು. ಆ ಸಂಜೆ ನನಗೆ ಊಟ ಸೇರಲಿಲ್ಲ. ಸಾಗರದ ನಮ್ಮಮ್ಮನ ಮುಖ ಕಣ್ಣೆದುರು ಬಂತು. ದೊಡ್ಡಪ್ಪ ಮಾತ್ರ, "ಎಂಟು ತಿಂಗಳು ಒಳ್ಳೇ ರುಚಿಯಿದೆ ಅಂದವಳು ನೀನೇ" ಅಂದು ಇನ್ನಷ್ಟು ಉರಿಸಿದರು.

ಹೋಟೆಲಿನವರೇನು ನನಗೆ ಸುಳ್ಳು ಹೇಳಿದ್ದರೇ? ನಾನು ಕೇಳಲೇ ಇಲ್ಲ. ಅವರ ಅಡುಗೆಮನೆಯಲ್ಲಿ ಮೇಲೆ ಹಾಕುವುದು ಬೇರೆ ಲೆಕ್ಕ, ಕೆಳಗಿನ ಸಾರು ಬೇರೆ ಲೆಕ್ಕ. ಅದಕ್ಕೇ ನಿನಗೆ ಒಂದು ಪದ ಕಲಿಸಿಕೊಡುತ್ತೇನೆ: ಚಯ್. ಗಿಡ್ಡದಾಗಿ ಹೇಳು. ಬೌದ್ಧರ ಶುದ್ಧ ಸಸ್ಯಾಹಾರಕ್ಕೆ ಅವರ ಪದ ಅದು. 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ಬೇಡ ಅಂತ ಅರ್ಥ ಮಾಡಿಕೊಂಡಾರು. 'ಚಯ್' ಅಂದರೆ ಮೂಳೆಯ ಸಾರೂ ಇಲ್ಲ, ಮೀನೂ ಇಲ್ಲ ಅಂತ ತಲೆಯಾಡಿಸುತ್ತಾರೆ, ಇಲ್ಲವೇ "ಇಲ್ಲಿ ಚಯ್ ಇಲ್ಲ" ಅಂತ ನೇರವಾಗಿ ಹೇಳುತ್ತಾರೆ. ಎರಡೂ ಒಳ್ಳೆಯದೇ. ನಾಲಿಗೆ ಜಾರಿ 'ಚಾ' ಅನ್ನಬೇಡ ಮಾರಾಯ, ಅದು ಹಂದಿಮಾಂಸ ಅರೆದು ಸುತ್ತಿ ಬೇಯಿಸಿದ ಉಂಡೆಯ ಹೆಸರು.

ಅವರಲ್ಲಿ ಎಷ್ಟೋ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಅಂದರೆ ಸುಮಾರಾಗಿ ನಮ್ಮ ಅಮಾವಾಸ್ಯೆಯ ಆಸುಪಾಸು ಮತ್ತು ಹುಣ್ಣಿಮೆ. ಆ ಎರಡು ದಿನ ಚಯ್ ಹೋಟೆಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬರಿಯ ಚಯ್ ಮಾಡುವ ಹೋಟೆಲುಗಳು ಈ ಊರಿನಲ್ಲಿ ಹಲವಾರಿವೆ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ನಮ್ಮ ಮಠದ ಅಡುಗೆಯ ಹಾಗೆಯೇ. ಅಲ್ಲಿನ ಸಾರಿಗೆ ಮೂಲಂಗಿ, ಕ್ಯಾರೆಟ್, ಅಣಬೆ, ಸುಟ್ಟ ಶುಂಠಿಯ ರುಚಿ. ಮೆನುವಿನಲ್ಲಿ 'ಬಾತುಕೋಳಿ', 'ಸೀಗಡಿ' ಅಂತ ಇದ್ದರೂ ಗಾಬರಿಬೀಳಬೇಡ, ಗೋಧಿ ಸತ್ವದಲ್ಲಿ, ಸೋಯಾದಲ್ಲಿ ಮಾಡಿದ ವೇಷ ಅದು. ನನಗೆ ಆ ವೇಷ ಹಿಡಿಸುವುದಿಲ್ಲ. ಸೊಪ್ಪು ಸೊಪ್ಪಾಗಿಯೇ ಇರಲಿ.

ಸಾಧಾರಣ ಹೋಟೆಲಿಗೆ ಹೋದಾಗ ನೋಡಿಕೊಳ್ಳಬೇಕಾದ್ದು ಮೀನಿನ ರಸ. ನುಅಕ್ ಮಾಮ್ ಅನ್ನುತ್ತಾರೆ. ಸಣ್ಣ ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕಳಿಸಿ ಇಳಿಸಿದ ತಿಳಿ. ನಮಗೆ ಹುಣಿಸೆಹಣ್ಣು ಹೇಗೋ ಅವರಿಗೆ ಅದು ಹಾಗೆ, ಕೈ ತಾನಾಗಿ ಹೋಗುತ್ತದೆ. ಕೋಸಂಬರಿಯಂಥ ಹಸಿ ತರಕಾರಿಗೂ ಅದೇ, ಪಕ್ಕದಲ್ಲಿಡುವ ಸಿಹಿ ಹುಳಿ ಅದ್ದುಗೆಗೂ ಅದೇ. ಅದ್ದುಗೆ ಬದಲು ಸೋಯಾ ಸಾಸ್ ಕೇಳು. ಅಕ್ಕಿ ಹಾಳೆಯಲ್ಲಿ ಸುತ್ತಿದ ತಣ್ಣನೆಯ ರೋಲುಗಳಲ್ಲಿ ಸಾಮಾನ್ಯವಾಗಿ ಸೀಗಡಿ, ಹಂದಿ ಎರಡೂ ಇರುತ್ತವೆ, ತೋಫುವಿನದ್ದು ಬೇರೆ ಇರುತ್ತದೆ. ಬಾನ್ ಸೆಯೊ ಅಂತ ಒಂದಿದೆ, ಅರಿಸಿನ ಹಾಕಿದ ಅಕ್ಕಿಹಿಟ್ಟಿನ ದೊಡ್ಡ ಗರಿ ದೋಸೆಯೇ, ಹಿಟ್ಟಿಗೆ ತೆಂಗಿನ ಹಾಲು. ಹೆಸರಿನ ಕೊನೆಯ 'ಸೆಯೊ' ಅನ್ನುವುದು ಕಾವಲಿಗೆ ಹಿಟ್ಟು ಬಿದ್ದಾಗಿನ ಸದ್ದು, ನಮ್ಮ 'ಚೊಂಯ್' ಇದ್ದ ಹಾಗೆ. ಕಂಡರೆ ನಿನಗೆ ಮನೆ ನೆನಪಾಗುತ್ತದೆ, ಆದರೆ ಒಳಗಿನ ಪಲ್ಯ ಹಂದಿ ಮತ್ತು ಸೀಗಡಿ. ಚಯ್ ಹೋಟೆಲಿನಲ್ಲಿ ಮಾತ್ರ ತಿನ್ನು. ನಿನ್ನ ರೂಮ್‌ಮೇಟ್ ಕೋಳಿ ತಿನ್ನುತ್ತಾನೆ, ದನ ತಿನ್ನುವುದಿಲ್ಲ ಅಂದೆಯಲ್ಲ, ಅವನಿಗೆ ಫೊ ಗಾ ಹೇಳು. ಫೊ ಅಂದರೆ ನಾನು ಹೇಳಿದ ಆ ಸಾರು ಶಾವಿಗೆಯ ಬೋಗುಣಿ, ಗಾ ಅಂದರೆ ಕೋಳಿ, ಬೊ ಅಂದರೆ ದನ. ಕೋಳಿಯದಕ್ಕೆ ಕೋಳಿಯ ಸಾರನ್ನೇ ಬೇರೆ ಇಟ್ಟಿರುತ್ತಾರಾ ಅಂತ ಕೇಳಿಯೇ ತಗೊಳ್ಳಲಿ. ಎಲ್ಲ ಅಂಗಡಿಯಲ್ಲೂ ಎರಡು ಕೊಪ್ಪರಿಗೆ ಇರುವುದಿಲ್ಲ. ಕೇಳುವಾಗ ಮುಖ ಕಿವುಚಿಕೊಳ್ಳಬೇಡಿ ಮತ್ತೆ. ಅವರು ಅನ್ನಕ್ಕಿಟ್ಟ ಮರ್ಯಾದೆ ನಮ್ಮದಕ್ಕಿಂತ ಕಮ್ಮಿಯದಲ್ಲ.

ಫೊ ಅನ್ನುವುದನ್ನು ಹೇಗೆ ಹೇಳುವುದು ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. 'ಫೋ' ಅಂತ ಎಳೆಯಬೇಡ. 'ಫ' ಅಂತ ಶುರುಮಾಡಿ, ಯಾರೋ ನಂಬಲಾಗದ ಮಾತು ಹೇಳಿದಾಗ "ಅಂ?" ಅನ್ನುತ್ತೀಯಲ್ಲ, ಹಾಗೆ ಸ್ವರವನ್ನು ಕೆಳಗಿಳಿಸಿ ಮೇಲಕ್ಕೆತ್ತು. ತಪ್ಪಾಗುತ್ತದೆ, ಆಗಲಿ.

ಬೋಗುಣಿ ಬಂತು ಅಂದುಕೋ. ಇಲ್ಲಿ ನಾನು ಸ್ವಲ್ಪ ಜಬರದಸ್ತು ಮಾಡುತ್ತೇನೆ. ಮೇಜಿನ ಮೇಲೆ ಕೆಂಪು ಸಾಸಿನ ಬಾಟಲಿ ಇರುತ್ತದೆ, ಮೈಮೇಲೆ ಹುಂಜದ ಚಿತ್ರ, ಹಸಿರು ಮುಚ್ಚಳ. ನಮ್ಮ ಹುಡುಗರು ಕೂತ ತಕ್ಷಣ ಅದನ್ನೆತ್ತಿ ಸಾರಿಗೆ ಬಳಬಳ ಸುರಿಯುತ್ತಾರೆ. ಯಾರದೋ ಮನೆಗೆ ಊಟಕ್ಕೆ ಹೋಗಿ, ಸಾರು ಬಡಿಸುವ ಮುಂಚೆಯೇ ಉಪ್ಪಿನಕಾಯಿ ಕಲೆಸಿಕೊಂಡ ಹಾಗೆ ಅದು. ಆ ಕೊಪ್ಪರಿಗೆಯಲ್ಲಿ ಮೂಳೆ ಎಂಟು ಹತ್ತು ತಾಸು ಕುದಿಯುತ್ತದೆ. ಶುಂಠಿ, ಈರುಳ್ಳಿಯನ್ನು ನಮ್ಮ ಬದನೆಕಾಯಿ ಗೊಜ್ಜಿಗೆ ಸುಡುವಂತೆ ಕೆಂಡದಲ್ಲೋ ಬೆಂಕಿಯಲ್ಲೋ ಕರಿಕಾಗುವಷ್ಟು ಸುಟ್ಟು ಹಾಕುತ್ತಾರೆ. ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ ಹುರಿದು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾರೆ. ನೊರೆ ತೆಗೆಯುತ್ತಲೇ ಇರಬೇಕು, ಇಲ್ಲದಿದ್ದರೆ ತಿಳಿ ಆಗುವುದಿಲ್ಲ. ನಸುಕಿನಲ್ಲೆದ್ದು ಇದನ್ನು ನೋಡಿಕೊಂಡವರೊಬ್ಬರು ಒಳಗೆ ಇದ್ದಾರೆ. ಚಯ್ ಸಾರಿನ ಹಿಂದೆಯೂ ಇಂಥದೇ ನಿಗಾ ಇರುತ್ತದೆ. ಆದ್ದರಿಂದ ಮೊದಲು ಎರಡು ಚಮಚ ಬರಿದೇ ಕುಡಿ. ಏನನ್ನೂ ಹಾಕದೆ.

ಆಮೇಲೆ ಪಕ್ಕದ ತಟ್ಟೆ. ಅದು ಅಲಂಕಾರಕ್ಕೆ ಅಂದುಕೊಂಡು ಬಿಟ್ಟು ಬಂದವರನ್ನು ಕಂಡಿದ್ದೇನೆ, ಅದನ್ನೇ ಸಲಾಡ್ ಅಂದುಕೊಂಡು ಮೊದಲೇ ಮುಗಿಸಿದವರನ್ನೂ. ನೇರಳೆ ಕಡ್ಡಿಯ ಎಲೆ ನಿನಗೆ ಗೊತ್ತಿರುವುದೇ, ನಮ್ಮ ಕಾಮಕಸ್ತೂರಿಯ ಒಡಹುಟ್ಟು. ಉದ್ದನೆಯ, ಅಂಚಿಗೆ ಗರಗಸದ ಹಲ್ಲಿರುವ ಎಲೆ ಕಂಡರೆ ಅದು ನಮ್ಮ ಮಲೆನಾಡಿನ ತೋಟದ ಬದುವಿನಲ್ಲಿ ತಾನಾಗಿ ಬೆಳೆಯುವ ಕಾಡು ಕೊತ್ತಂಬರಿ. ಅಮ್ಮ ಅದನ್ನು ತಂಬುಳಿಗೆ ಹಾಕುತ್ತಿದ್ದಳು, ಇಲ್ಲಿ ಒಂದು ಕಟ್ಟಿಗೆ ದುಡ್ಡು ಕೊಟ್ಟು ಕೊಳ್ಳುವಾಗ ಪ್ರತಿ ಸಲ ನಗು ಬರುತ್ತದೆ. ಚಾಕು ಬೇಡ, ಎಲೆಗಳನ್ನು ಕೈಯಲ್ಲೇ ಹರಿದು ಸ್ವಲ್ಪಸ್ವಲ್ಪವೇ ಹಾಕು, ಬಿಸಿಗೆ ಬಾಡುತ್ತಾ ಹೋಗಲಿ. ಹೆಸರುಕಾಳಿನ ಉದ್ದ ಮೊಳಕೆ ಹಸಿವಾಸನೆ ಬಂದರೆ ಬಿಸಿನೀರಲ್ಲಿ ಅದ್ದಿ ಕೊಡಿ ಅಂತ ಕೇಳಬಹುದು, ಬೇಸರವಿಲ್ಲದೆ ಮಾಡಿಕೊಡುತ್ತಾರೆ. ನಿಂಬೆ ಕೊನೆಗೆ. ಹುಂಜದ ಸಾಸನ್ನು ಚಿಕ್ಕ ಬಟ್ಟಲಿಗೆ ಹಾಕಿಕೊಂಡು, ತುಂಡನ್ನು ಅದರಲ್ಲಿ ಅದ್ದಿ ತಿನ್ನು, ಸಾರು ತನ್ನ ಪಾಡಿಗೆ ತಾನಿರಲಿ. ಬಲಗೈಯಲ್ಲಿ ಚಾಪ್‌ಸ್ಟಿಕ್ಕು, ಎಡಗೈಯಲ್ಲಿ ಚಮಚ. ಹೌದು, ಎಡಗೈಯಲ್ಲೇ. ನಿಮ್ಮಜ್ಜಿಗೆ ಹೇಳಬೇಡ. ಚಾಪ್‌ಸ್ಟಿಕ್ಕನ್ನು ಅನ್ನದ ಬಟ್ಟಲಲ್ಲಿ ನೆಟ್ಟಗೆ ನಿಲ್ಲಿಸಬೇಡ, ಸತ್ತವರಿಗೆ ಹಚ್ಚಿಟ್ಟ ಊದುಬತ್ತಿಯ ಹಾಗೆ ಕಾಣುತ್ತದೆ ಅವರಿಗೆ. ಚೀಲದಿಂದ ಚಟ್ನಿಪುಡಿ ಡಬ್ಬಿಯನ್ನಂತೂ ತೆಗೆಯಲೇಬೇಡ. ನಗಬೇಡ, ದೊಡ್ಡಪ್ಪ ತೆಗೆದಿದ್ದರು.

ಫೊ ಬೇಡವಾದ ದಿನ ಬುನ್ ತಿನ್ನು. ಅಕ್ಕಿಯನ್ನೇ ಒತ್ತಿ ತೆಗೆದ ದುಂಡನೆಯ ಎಳೆ. ನಮ್ಮ ಒತ್ತು ಶಾವಿಗೆಯನ್ನು ಪಕ್ಕದಲ್ಲಿಟ್ಟು ಕಣ್ಮುಚ್ಚಿ ತಿಂದರೆ ನನಗೇ ಗೊತ್ತಾಗಲಿಕ್ಕಿಲ್ಲ. ಕಾಯಿಹಾಲು ಮಾತ್ರ ಸಿಗುವುದಿಲ್ಲ.

ಇನ್ನೊಂದು ಮಾತು, ಇದು ತಿನ್ನುವುದಕ್ಕಿಂತ ದೊಡ್ಡದು. ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಿಯೆಟ್ನಾಂ ಮೂಲದವರಿದ್ದಾರೆ, ಅವರ ದೇಶದಾಚೆ ಇನ್ಯಾವ ನಗರದಲ್ಲೂ ಇಷ್ಟಿಲ್ಲ. ಇವರಲ್ಲಿ ಹಳಬರು ನಿನ್ನ ಹಾಗೆ, ನಮ್ಮ ಹಾಗೆ ವೀಸಾ ಹಿಡಿದು ನೌಕರಿಗೆ ಬಂದವರಲ್ಲ. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರ ವಿಯೆಟ್ನಾಮಿನ ಕೈಗೆ ಬಿದ್ದ ಹೊತ್ತಿನಲ್ಲಿ ವಿಮಾನದಲ್ಲಿ, ಹಡಗಿನಲ್ಲಿ, ಆಮೇಲಿನ ವರ್ಷಗಳಲ್ಲಿ ಮೀನುದೋಣಿಯಲ್ಲಿ ತಪ್ಪಿಸಿಕೊಂಡು ಬಂದವರು. ಅಂಗಡಿ ಹೆಸರುಗಳಲ್ಲಿ ಸಂಖ್ಯೆ ಕಾಣುತ್ತೀಯಲ್ಲ, 54, 75 ಅಂತ, ಅದು ಬಾಗಿಲ ನಂಬರಲ್ಲ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಗಟ್ಟಲೆ ಜನ ದಕ್ಷಿಣಕ್ಕೆ ಬಂದರು, ಫೊ ಅವರ ಜೊತೆ ಬಂತು. ಉತ್ತರದಲ್ಲಿ ಅದು ಬರಿ ಈರುಳ್ಳಿಸೊಪ್ಪಿನ ಸಾದಾ ಬೋಗುಣಿ, ಆ ಸೊಪ್ಪಿನ ತಟ್ಟೆಯೆಲ್ಲ ಸೈಗಾನಿನಲ್ಲಿ ಸೇರಿಕೊಂಡದ್ದು. 1975ರಲ್ಲಿ ಮತ್ತೊಮ್ಮೆ ಊರು ಬಿಟ್ಟರು. ಹುಂಜದ ಸಾಸ್ ಇದೆಯಲ್ಲ, ಅದನ್ನು 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರುಮಾಡಿದ ಡೇವಿಡ್ ಟ್ರಾನ್ ಕಂಪನಿಗೆ ಇಟ್ಟದ್ದು ತನ್ನನ್ನು ದಾಟಿಸಿದ ಹಡಗಿನ ಹೆಸರು. ಹುಂಜ ಅವರು ಹುಟ್ಟಿದ ವರ್ಷದ ಪ್ರಾಣಿ.

ಇದನ್ನು ಯಾಕೆ ಹೇಳಿದೆ ಅಂದರೆ, ಈಗ ನಮ್ಮವರೆಲ್ಲ ವಿಯೆಟ್ನಾಂ ಪ್ರವಾಸ ಹೋಗಿ ಬರುತ್ತಿದ್ದಾರೆ. ಹಾಗೆ ಹೋಗಿಬಂದ ನಮ್ಮ ಕಡೆಯ ಹುಡುಗನೊಬ್ಬ ಅಲ್ಲಿ ಕೊಂಡ ಟೀಶರ್ಟ್ ಹಾಕಿಕೊಂಡು ನಮ್ಮ ಜೊತೆ ಊಟಕ್ಕೆ ಬಂದ. ಕೆಂಪು ಬಟ್ಟೆ, ನಡುವೆ ಹಳದಿ ನಕ್ಷತ್ರ. ಗಲ್ಲಾದ ಹಿರಿಯರನ್ನು ಖುಷಿಪಡಿಸಬೇಕೆಂದು ಎದೆ ಉಬ್ಬಿಸಿ ತೋರಿಸಿದ, "ಹೋಚಿಮಿನ್ ಸಿಟಿ, ಬಹಳ ಚೆನ್ನಾಗಿದೆ!" ಅವರು ಏನೂ ಅನ್ನಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟರು, ನೋಟ ಮಾತ್ರ ಮೇಲೆತ್ತಲಿಲ್ಲ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಹಳದಿ ಬಾವುಟ, ಮೂರು ಕೆಂಪು ಗೆರೆ. ಅದು ಈಗ ಇಲ್ಲದ ದೇಶದ, ಅವರ ದಕ್ಷಿಣ ವಿಯೆಟ್ನಾಮಿನ ಬಾವುಟ. ಹುಡುಗನ ಎದೆಯ ಮೇಲಿದ್ದದ್ದು ಗೆದ್ದವರದು. ಈ ಊರಿನಲ್ಲಿ ಅದೇ ಅವರ ಬಾವುಟ. ಸ್ಟೋರಿ ರೋಡಿನ ಪ್ರದೇಶಕ್ಕೆ 'ಲಿಟಲ್ ಸೈಗಾನ್' ಅಂತಲೇ ಹೆಸರಿಡಬೇಕೆಂದು 2007, 2008ರಲ್ಲಿ ನಗರಸಭೆಯ ಮುಂದೆ ದೊಡ್ಡ ಹೋರಾಟವೇ ನಡೆದಿತ್ತು, ನಾನು ಟೀವಿಯಲ್ಲಿ ನೋಡಿದ್ದೆ. ನೋಡಿದ್ದರೂ ಆ ಹುಡುಗನಿಗೆ ಮೊದಲೇ ಹೇಳಲು ನನಗೆ ಹೊಳೆಯಲಿಲ್ಲ. ಹೋಚಿಮಿನ್ ಸಿಟಿ ಅನ್ನುವುದು ಗೆದ್ದವರು ಸೈಗಾನಿಗೆ ಇಟ್ಟ ಹೆಸರು. ನೀನು ಊರನ್ನು ಸೈಗಾನ್ ಅನ್ನು, ಸಾಕು. ಅವರಾಗಿ ಹೇಳಿದರೆ ಕೇಳು. ನೀನಾಗಿ ಯುದ್ಧ ಎತ್ತಬೇಡ.

ಕಾಫಿ ಕುಡಿಯದೆ ಏಳಬೇಡ. ಜನ ಕಾಯುತ್ತಿದ್ದರೆ ಹರಟೆಗೆ ಕೂರಬಾರದು ನಿಜ, ಆದರೆ ಇದಕ್ಕೆ ಐದು ನಿಮಿಷ ಬೇಕೇ ಬೇಕು. ಲೋಟದ ತಳದಲ್ಲಿ ಬೆರಳಗಲ ಮಂದ ಸಿಹಿ ಹಾಲು, ಮೇಲೆ ಪುಟ್ಟ ಟೋಪಿಯ ಹಾಗೆ ಕೂತ ಫಿಲ್ಟರು, ಅದಕ್ಕೆ ಫಿನ್ ಅಂತ ಹೆಸರು. ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನಮ್ಮನೆ ಹಿತ್ತಾಳೆ ಫಿಲ್ಟರಿನ ಮರಿ ಅಂದುಕೋ. ಕಾಫಿ ಗಿಡವನ್ನು 1857ರಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿಗೆ ತಂದರು. ತಾಜಾ ಹಾಲು ಸಿಗುವುದು ಕಷ್ಟವಿತ್ತು, ಹಾಗಾಗಿ ಡಬ್ಬಿಯ ಮಂದ ಹಾಲೇ ರೂಢಿಯಾಯಿತು. ಈಗ ಬ್ರೆಜಿಲ್ ಬಿಟ್ಟರೆ ಕಾಫಿ ಬೆಳೆಯುವುದರಲ್ಲಿ ಅವರೇ ಮುಂದು, ಹೆಚ್ಚಿನದು ನಮ್ಮ ಕೊಡಗಿನ ಹಾಗೆ ರೋಬಸ್ಟಾ. ಆದರೆ ಇಲ್ಲಿನ ಹಳೇ ಹೋಟೆಲುಗಳಲ್ಲಿ ಕಪಾಟಿನತ್ತ ನೋಡು, ಹಳದಿ ಕಿತ್ತಳೆ ಬಣ್ಣದ ಒಂದು ಡಬ್ಬಿ ಇರುತ್ತದೆ, ಕೆಫೆ ಡು ಮಾಂಡ್ ಅಂತ, ನ್ಯೂ ಆರ್ಲಿಯನ್ಸಿನದು. ಅದೂ ಫ್ರೆಂಚರ ಊರೇ ಆಗಿತ್ತು, ಅಲ್ಲಿಯ ಕಾಫಿಗೆ ಚಿಕೋರಿ ಬೆರೆಸುತ್ತಾರೆ. ಬಂದ ಹೊಸದರಲ್ಲಿ ಇವರ ನಾಲಿಗೆಗೆ ಊರಿನ ಕಾಫಿಯ ಹತ್ತಿರಕ್ಕೆ ಬಂದದ್ದು ಅದೊಂದೇ. ಮೊದಲ ಗುಟುಕು ಕುಡಿದಾಗ ನಾನು ಲೋಟವನ್ನು ಕೆಳಗಿಟ್ಟು ದೊಡ್ಡಪ್ಪನ ಮುಖ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಕಾಫಿ, ಎರಡು ಚಮಚ ಸಕ್ಕರೆ ಜಾಸ್ತಿ.

ಬಿಸಿಯಾಗಿ ಬೇಕಾದರೆ ಬಿಸಿ, ಇಲ್ಲವಾದರೆ ಮಂಜುಗಡ್ಡೆ ತುಂಬಿದ ಲೋಟಕ್ಕೆ ಸುರಿದುಕೋ. ಕಲಕದೆ ಕುಡಿದರೆ ಮೇಲೆ ಕಹಿ, ತಳಕ್ಕೆ ಪಾಯಸ.

ಕ್ಯಾಲೆಂಡರ್ ನೋಡಿದೆ, ಬರುವ ಹುಣ್ಣಿಮೆ ಶನಿವಾರವೇ ಬಿದ್ದಿದೆ. ಹನ್ನೊಂದು ಗಂಟೆಗೆ ಮನೆಗೆ ಬಾ, ಅದಕ್ಕಿಂತ ತಡವಾದರೆ ನನ್ನ ಚಯ್ ಹೋಟೆಲಿನಲ್ಲಿ ಮೇಜು ಸಿಗುವುದಿಲ್ಲ. ದೊಡ್ಡಪ್ಪ ಬರುವುದಿಲ್ಲವಂತೆ, ಮಂಡಿ ನೋವು. ಅವರಿಗೊಂದು ಪಾರ್ಸಲ್ ತರಬೇಕು, ಶಾವಿಗೆ ಬೇರೆ, ಸಾರು ಬೇರೆ ಕಟ್ಟಿಸಬೇಕು, ನೆನಪು ಮಾಡು. ಬರುವಾಗ ನಗದು ತಗೊಂಡು ಬಾ. ನನ್ನ ಪರ್ಸಿನಲ್ಲಿ ಇಪ್ಪತ್ತರ ನೋಟು ಒಂದೇ ಇದೆ.